ದಾರಿಗೆ ಅಡ್ಡ ಬಿದ್ದಿದ್ದ ಕೊಂಬೆ

ಲೋನಾವಾಲದ ಬಳಿಯ ರಾಜಮಾಚಿ ಬೆಟ್ಟದಿಂದ ಕೆಳಗಿನ ಕೊಂಢಾಣೆ ಬೌದ್ಧ ಗುಹೆಗಳ ಕಡೆಗೆ ಇಳಿಯುವಾಗ ನಾವು ದಾರಿ ತಪ್ಪಿದ್ದು ಮಧ್ಯಾಹ್ನ ಎರಡೂವರೆಯ ಸುಮಾರಿಗೆ. ನನಗೆ ಅನುಮಾನ ಬಂದದ್ದು ಹತ್ತೇ ನಿಮಿಷದಲ್ಲಿ. ಆದರೂ ಮೂರೂಕಾಲಿನವರೆಗೆ ಇಳಿಯುತ್ತಲೇ ಇದ್ದೆವು. ಆ ಅರ್ಧ ಗಂಟೆ ಇವತ್ತಿಗೂ ನನ್ನನ್ನು ಕಾಡುತ್ತದೆ.

ನಾನು ಧಾರವಾಡದವಳು, ಪುಣೆಗೆ ಬಂದು ಹನ್ನೊಂದು ವರ್ಷ. ಭಾನುವಾರಗಳಂದು ಸಿಂಹಗಡ ಹತ್ತುತ್ತಾ ಬೆಟ್ಟದ ಗೀಳು ಹಿಡಿಯಿತು. ಆ ವರ್ಷ ದೀಪಾವಳಿಯ ರಜೆಗೆ ಮೈದುನ ಊರಿನಿಂದ ಬಂದಿದ್ದ. ಅವನನ್ನೂ ಹದಿನಾಲ್ಕರ ಮಗಳನ್ನೂ ಕರೆದುಕೊಂಡು ಬೆಳಗಿನ ಲೋಕಲ್ ರೈಲಿನಲ್ಲಿ ಲೋನಾವಾಲಕ್ಕೆ ಹೋಗಿ, ತುಂಗಾರ್ಲಿಯ ಕಡೆಯಿಂದ ಹದಿನೈದು ಕಿಲೋಮೀಟರಿನಷ್ಟು ನಡೆದು ರಾಜಮಾಚಿಯ ಮೇಲಿನ ಊರು ಉಧೇವಾಡಿ ಸೇರಿದೆ. ಮರುದಿನ ಅಲ್ಲಿನ ಶ್ರೀವರ್ಧನ, ಮನರಂಜನ ಎರಡೂ ಕೋಟೆಗಳನ್ನು ಹತ್ತಿ ಇಳಿದು, ಉದಯಸಾಗರ ಕೆರೆಯ ದಂಡೆಯಲ್ಲಿ ಕುಳಿತವರಿಗೆ ಏಳಲು ಮನಸ್ಸಾಗಲಿಲ್ಲ. ಹೊರಟಾಗ ಎರಡು ಗಂಟೆ. ನಮಗೆ ಊಟ ಹಾಕಿದ್ದ ಮನೆಯ ಮಾವಶಿ ಅಂಗಳದಿಂದಲೇ ಕೂಗಿ ಹೇಳಿದ್ದರು: ದೊಡ್ಡ ಮಾವಿನ ಮರ ದಾಟಿದ ಮೇಲೆ ‘ಡಾವ್ಯಾ ಹಾತಾಲಾ’, ಎಡಗೈಗೆ ತಿರುಗಿ ಎಂದು.

ಮಾವಿನ ಮರ ಸಿಕ್ಕಿತು. ಎಡಗೈಯ ದಾರಿ ಮಾತ್ರ ಕಾಣಲಿಲ್ಲ. ಮಳೆಗಾಲ ಮುಗಿದ ಮೇಲೆ ಸಹ್ಯಾದ್ರಿಯಲ್ಲಿ ಕಾರ್ವಿ ಆಳೆತ್ತರ ನಿಂತಿರುತ್ತದೆ. ಏಳೆಂಟು ವರ್ಷಕ್ಕೊಮ್ಮೆ ಹೂ ಬಿಡುವ ಈ ಗಿಡದ ಕಡ್ಡಿಗಳಿಂದಲೇ ಇಲ್ಲಿನ ಜನ ಮನೆಯ ಗೋಡೆ ಹೆಣೆಯುತ್ತಾರೆ. ಅಷ್ಟು ಒತ್ತಾಗಿ ಬೆಳೆಯುತ್ತದೆ. ಅದರ ಮರೆಯಲ್ಲಿ ನಿಜವಾದ ಕವಲು ಅಡಗಿತ್ತು. ನೇರವಾಗಿ ಮುಂದೆ ಹೋಗುವ ದಾರಿ ಅಗಲವಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. ಅದಕ್ಕೆ ಅಡ್ಡವಾಗಿ ಒಣಗಿದ ಕೊಂಬೆಯೊಂದು ಬಿದ್ದಿತ್ತು. ಗಾಳಿಗೆ ಮುರಿದದ್ದು ಎಂದುಕೊಂಡು ಮೂವರೂ ದಾಟಿದೆವು.

ಹತ್ತು ನಿಮಿಷದಲ್ಲಿ ಕಾರ್ವಿಯ ತುದಿಗಳು ಎದೆಗೆ, ಮುಖಕ್ಕೆ ಹೊಡೆಯತೊಡಗಿದವು. ಮನುಷ್ಯರು ದಿನವೂ ಓಡಾಡುವ ದಾರಿಯಲ್ಲಿ ಹಾಗಾಗುವುದಿಲ್ಲ. ತಲೆಯ ಮೇಲೆ ಸೌದೆ ಹೊತ್ತವರು, ಕೈಯಲ್ಲಿ ಕುಡುಗೋಲು ಹಿಡಿದವರು ನಡೆಯುವ ದಾರಿ ಎದೆಮಟ್ಟದಲ್ಲಿಯೂ ತೆರವಾಗಿರುತ್ತದೆ, ಕಾಲ ಕೆಳಗಿನ ಕಲ್ಲುಗಳು ಸವೆದು ನುಣುಪಾಗಿರುತ್ತವೆ. ಇಲ್ಲಿ ನೆಲ ಮಾತ್ರ ತೆರವಾಗಿತ್ತು. ಸಗಣಿ ಇತ್ತು, ಗೊರಸಿನ ಗುರುತಿತ್ತು, ಚಪ್ಪಲಿಯ ಗುರುತು ಒಂದೂ ಇರಲಿಲ್ಲ. ಇನ್ನಷ್ಟು ಮುಂದೆ ದಾರಿ ಮೂರು ಸೀಳಾಯಿತು, ಮೂರೂ ಅಕ್ಕಪಕ್ಕದಲ್ಲೇ ಸಾಗಿ ಹುಲ್ಲಿನಲ್ಲಿ ಕರಗಿದವು. ದನಗಳ ದಾರಿಯ ಸ್ವಭಾವವೇ ಅದು. ಅವು ಊರಿಗೆ ಹೊರಟಿರುವುದಿಲ್ಲ, ಮೇಯಲು ಹೊರಟಿರುತ್ತವೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಕಣ್ಣು ಕಂಡದ್ದನ್ನು ಕಾಲು ಒಪ್ಪಿಕೊಳ್ಳಲಿಲ್ಲ. ಇಳಿದಷ್ಟನ್ನೂ ಮತ್ತೆ ಹತ್ತಬೇಕಲ್ಲ ಎಂಬ ಸಂಕಟ ಅನುಮಾನವನ್ನು ನುಂಗಿಬಿಡುತ್ತದೆ.

ನಮ್ಮನ್ನು ಕೆಳಗೆ ಎಳೆದದ್ದು ಇನ್ನೊಂದಿತ್ತು, ರೈಲಿನ ಸದ್ದು. ಉಲ್ಹಾಸ ಕಣಿವೆಯ ಆಚೆ ದಡದಲ್ಲಿ ಬೋರ್ ಘಾಟಿನ ಹಳಿಗಳಿವೆ. 1863ರಲ್ಲಿ ತೆರೆದ ಈ ಘಾಟಿಯ ಏರು 37 ಅಡಿಗೆ ಒಂದು ಅಡಿಯಷ್ಟು ಕಡಿದು. ಏರುವ ಗಾಡಿಗಳಿಗೆ ಘಾಟಿಯ ಬುಡದ ಕರ್ಜತ್ ನಿಲ್ದಾಣದಲ್ಲಿ ಹಿಂದಿನಿಂದ ತಳ್ಳುವ ಎಂಜಿನುಗಳನ್ನು ಜೋಡಿಸುತ್ತಾರೆ. ಅವುಗಳ ಏದುಸಿರು ಕಣಿವೆಯಲ್ಲೆಲ್ಲ ತುಂಬಿಕೊಂಡು, ಇಲ್ಲೇ ನೂರು ಹೆಜ್ಜೆಯಲ್ಲಿ ನಿಲ್ದಾಣವಿದೆ ಎಂಬಂತೆ ಕೇಳಿಸುತ್ತದೆ.

ಒಂದು ಹಳ್ಳ ಸಿಕ್ಕಾಗ ಮೈದುನನ ಮುಖ ಅರಳಿತು. “ವೈನಿ, ಇದನ್ನೇ ಹಿಡಿದು ಇಳಿಯೋಣ. ನೀರು ಹರಿಯುವ ಕಡೆ ಊರು ಸಿಗಲೇಬೇಕಲ್ಲ” ಎಂದ. ಬಯಲುಸೀಮೆಯವನ ಮಾತು, ಅವನ ಊರಿನಲ್ಲಿ ಅದು ನಿಜವೇ. ಸಹ್ಯಾದ್ರಿಯಲ್ಲಿ ಇದೇ ಮಾತು ಪ್ರಾಣ ತೆಗೆಯುತ್ತದೆ. ಈ ಬೆಟ್ಟಗಳು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಲಾವಾ ಪದರಗಳು. ಮೆದುವಾದ ಪದರ ಸವೆದು ಇಳಿಜಾರಾಗುತ್ತದೆ, ಗಟ್ಟಿಯಾದದ್ದು ಗೋಡೆಯಂತೆ ನಿಲ್ಲುತ್ತದೆ. ಹಳ್ಳ ಆ ಗೋಡೆಯಿಂದ ಧುಮುಕಿಬಿಡುತ್ತದೆ. ಹಳ್ಳದ ಜಾಡು ಹಿಡಿದವರು ಅಷ್ಟರಲ್ಲಿ ಒಂದೆರಡು ಬಂಡೆಗಳನ್ನು ಜಾರಿಕೊಂಡು ಇಳಿದಿರುತ್ತಾರೆ. ಮುಂದೆ ಪ್ರಪಾತ, ಹಿಂದಕ್ಕೆ ಹತ್ತಲಾಗದ ನುಣ್ಣನೆಯ ಬಂಡೆ. ಸ್ವಲ್ಪ ಮುಂದೆ, ಹಳ್ಳ ಮರೆಯಾಗುವ ಅಂಚಿನಾಚೆ, ಮರಗಳ ಬೊಡ್ಡೆ ಕಾಣದೆ ಬರೀ ನೆತ್ತಿಗಳು ಕಾಣುತ್ತಿದ್ದವು. ಅದನ್ನು ನೋಡಿದ ಮೇಲೆ ನಾನು ಕುಳಿತುಬಿಟ್ಟೆ.

ಎಲ್ಲರನ್ನೂ ಕೂರಿಸಿದೆ. ನೀರು ಕುಡಿದೆವು, ಲೋನಾವಾಲದ ಚಿಕ್ಕಿ ತಿಂದೆವು. ಉಳಿದದ್ದು ಒಂದು ಲೀಟರ್ ನೀರು, ಎರಡು ಟಾರ್ಚ್. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಹಳ್ಳದ ತಗ್ಗಿನಲ್ಲಿ 112ಕ್ಕೆ ಕರೆ ಮಾಡಬೇಕೆಂದರೂ ಹೋಗುವುದಿಲ್ಲ, ಮೇಲೆ ಹತ್ತಲು ಅದೂ ಒಂದು ಕಾರಣ. ನವೆಂಬರಿನಲ್ಲಿ ಇಲ್ಲಿ ಸೂರ್ಯ ಆರಕ್ಕೆ ಮುಳುಗುತ್ತಾನೆ, ಕಾಡಿನೊಳಗೆ ಐದೂವರೆಗೇ ಕತ್ತಲೆಯಾಗುತ್ತದೆ. “ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು?” ಎಂದು ಕೇಳಿದೆ. ಮೂವರೂ ಹೇಳಿದ್ದು ಒಂದೇ, ಮಾವಿನ ಮರ. ಹಾಗಿದ್ದರೆ ಅಲ್ಲಿಗೇ ಹೋಗಬೇಕು. ಅಡ್ಡ ಹಾಯ್ದು ಸರಿ ದಾರಿಯನ್ನು ಸೇರಿಕೊಳ್ಳುವ ಮಾತನ್ನು ಮೈದುನ ಎರಡು ಸಲ ಆಡಿದ. ನಾನು ಎರಡು ಸಲವೂ ಒಪ್ಪಲಿಲ್ಲ. ಕಾರ್ವಿಯೊಳಗೆ ನುಗ್ಗಿದರೆ ಗೊತ್ತಿದ್ದ ಆ ಒಂದು ಜಾಗವೂ ಕೈಬಿಟ್ಟುಹೋಗುತ್ತದೆ.

ಹತ್ತುವಾಗ ನೆರವಿಗೆ ಬಂದದ್ದು ಮಗಳ ಮೊಬೈಲ್. ಕಂಡದ್ದನ್ನೆಲ್ಲ ಫೋಟೋ ತೆಗೆಯುವ ಅವಳ ಚಾಳಿಯನ್ನು ಬೆಳಗಿನಿಂದ ಗದರಿಸುತ್ತಿದ್ದೆ. ಆ ಫೋಟೋಗಳನ್ನು ಹಿಂದುಮುಂದಾಗಿ ನೋಡುತ್ತಾ ಹೋದರೆ ದಾರಿ ತಾನಾಗಿ ಬಿಚ್ಚಿಕೊಂಡಿತು: ಮೊದಲು ಕೆಂಪು ಹುತ್ತ, ಆಮೇಲೆ ಬಳ್ಳಿ ಸುತ್ತಿದ ಬಂಡೆ, ಆಮೇಲೆ ಕಾಕಾ ಜಾರಿದ ಜಾಗ. ಪ್ರತಿ ಚಿತ್ರದ ಕೆಳಗೆ ಸಮಯವೂ ಇತ್ತು. ದನಗಳ ದಾರಿ ಸೀಳಾಗಿದ್ದಲ್ಲಿ ಮೈದುನ ಮುಂದೆ ಹೋಗಿ ನೋಡಿ ಬಂದ, ಆದರೆ ನನ್ನ ಕಣ್ಣಳತೆ ಮೀರಲು ಬಿಡಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಆ ಕೊಂಬೆ ಎದುರಾಯಿತು. ಈ ಬದಿಯಿಂದ ಬಂದಾಗ ಅದರ ಬುಡ ಕಾಣಿಸಿತು. ಗಾಳಿಗೆ ಮುರಿದದ್ದಲ್ಲ, ಕೊಡಲಿಯಿಂದ ಓರೆಯಾಗಿ ಕಡಿದದ್ದು. ಇಲ್ಲಿಂದ ಹೋಗಬೇಡಿ ಎಂದು ಊರಿನವರು ಅಡ್ಡ ಇಟ್ಟಿದ್ದರು. ಅದರಿಂದ ಎಂಟು ಹೆಜ್ಜೆ ಆಚೆ ಕಾರ್ವಿಯನ್ನು ಕೈಯಿಂದ ಸರಿಸಿದರೆ ಸವೆದ ಕಲ್ಲುಗಳ ದಾರಿ ಎಡಗೈಗೆ ಇಳಿದಿತ್ತು.

ಐದೂಕಾಲಿಗೆ ಕೊಂಢಾಣೆ ತಲುಪಿದೆವು. ಅಲ್ಲಿನ ಚೈತ್ಯದ, ಅಂದರೆ ಬೌದ್ಧರ ಪ್ರಾರ್ಥನಾ ಗುಹೆಯ, ಮುಂಭಾಗದಲ್ಲಿ ಬ್ರಾಹ್ಮಿ ಲಿಪಿಯ ಸಾಲೊಂದಿದೆ, ಕಣ್ಹನ ಶಿಷ್ಯ ಬಲಕ ಮಾಡಿದ್ದು ಎಂದು. ಅದನ್ನು ನೋಡಲೆಂದೇ ಈ ದಾರಿಯನ್ನು ಆರಿಸಿದ್ದೆ. ಅಂದು ನೋಡುವಷ್ಟು ಬೆಳಕು ಉಳಿದಿರಲಿಲ್ಲ, ಬೆಟ್ಟದ ಬುಡದ ಊರು ಕೊಂದಿವಡೆಗೆ ಟಾರ್ಚ್ ಹಿಡಿದೇ ನಡೆದೆವು.

ಜನವರಿಯಲ್ಲಿ ನಾನೂ ಮಗಳೂ ಮತ್ತೆ ಹೋದೆವು, ಈ ಸಲ ಬೆಳಗ್ಗೆ ಎಂಟಕ್ಕೇ ಉಧೇವಾಡಿ ಬಿಟ್ಟು. ಮಾವಿನ ಮರದಾಚೆ ಹಳೆಯ ಕೊಂಬೆಯನ್ನು ಯಾರದೋ ಕಾಲು ಬದಿಗೆ ತಳ್ಳಿತ್ತು. ಮಗಳು ಅದನ್ನು ಎಳೆದು ಮೊದಲಿದ್ದ ಜಾಗದಲ್ಲಿಟ್ಟಳು, ಕಡಿದ ತುದಿ ಬರುವವರ ಕಣ್ಣಿಗೆ ಬೀಳುವಂತೆ ತಿರುಗಿಸಿದಳು.