ಅಪ್ಪನ ಲ್ಯಾಪ್‌ಟಾಪಿಗೆ ಮಿಂಟ್, ನನ್ನದಕ್ಕೆ ಆರ್ಚ್

ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಬೇಕು ಅನ್ನುವವರು ಮೊದಲು ಕೇಳುವುದು, ಅದರ ಹಲವು ಬಗೆಗಳಲ್ಲಿ ಯಾವುದು ಸುಲಭ, ಯಾವುದು ಕಷ್ಟ ಅಂತ. ನಮ್ಮ ಮನೆಯಲ್ಲಿ ಎರಡೂ ಇವೆ. ಅಪ್ಪನ ಹಳೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್, ನನ್ನದರಲ್ಲಿ ಆರ್ಚ್. ಹಾಕಿದ್ದು ನಾನೇ, ಕೆಟ್ಟರೆ ನೋಡುವವನೂ ನಾನೇ. ನನ್ನ ಪ್ರಕಾರ ಇದರಲ್ಲಿ ಜಾಣತನದ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಆ ಲ್ಯಾಪ್‌ಟಾಪನ್ನು ಎಷ್ಟು ದಿನಕ್ಕೊಮ್ಮೆ ತೆರೆಯುತ್ತೀರಿ, ಅದು ಕೈಕೊಟ್ಟ ದಿನ ಕೂತು ಓದುವಷ್ಟು ಪುರುಸೊತ್ತು ಯಾರಿಗಿದೆ, ಇಷ್ಟು ನೋಡಿದರೆ ಸಾಕು.

ಅಪ್ಪ ನಿವೃತ್ತ ಮೇಷ್ಟ್ರು. ಬಡಾವಣೆಯ ಸಂಘದ ಪತ್ರ, ಸಭೆಯ ನಡಾವಳಿ, ರಾಜ್ಯೋತ್ಸವದ ಆಹ್ವಾನ ಪತ್ರಿಕೆ, ಎಲ್ಲಾ ಅವರದೇ ಟೈಪಿಂಗ್. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಆ ಲ್ಯಾಪ್‌ಟಾಪಿನಲ್ಲಿ ಇಲ್ಲ. ಹಾಗಂತ ಚೆನ್ನಾಗಿ ಓಡುತ್ತಿರುವುದನ್ನು ಗುಜರಿಗೆ ಹಾಕೋದಾ? ರ‍್ಯಾಮ್ 4 ಜಿಬಿ ಇತ್ತು, ಮಿಂಟ್‌ನಲ್ಲೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಇನ್‌ಸ್ಟಾಲ್ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಭಾಷೆ, ವೈಫೈ, ಡಿಸ್ಕ್, ಹೆಸರು ಕೇಳಿತು, ಅಷ್ಟೇ. ಆಮೇಲೆ ಟೈಮ್‌ಶಿಫ್ಟ್ ಆನ್ ಮಾಡಿದೆ. ಅಪ್‌ಡೇಟ್ ಆದ ಮೇಲೆ ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ತರಲು ಅದೇ ದಿಕ್ಕು. ಹಾಕಿದ ಮಿಂಟ್ 22 ನಿಂತಿರುವುದು ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಅಲ್ಲಿಯವರೆಗೆ ನಿಶ್ಚಿಂತೆ.

ನಿಜವಾದ ಪರೀಕ್ಷೆ ಕನ್ನಡ ಟೈಪಿಂಗ್. ಅಪ್ಪನ ಬೆರಳಿಗೆ ಕೂತಿರುವುದು ನುಡಿ ತಂತ್ರಾಂಶದ ಕೀಲಿಮಣೆ, ಅಂದರೆ ಕಗಪ ವಿನ್ಯಾಸ. ಎಫ್ ಒತ್ತಿದರೆ ಒತ್ತಕ್ಷರ ಬರಲೇಬೇಕು. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಪಟ್ಟಿ ತೆರೆದರೆ 'ಕನ್ನಡ (ಕಗಪ)' ಅಂತ ಒಂದು ಕಾಣಿಸುತ್ತದೆ. ಅದನ್ನೇ ಹಾಕಿ ಸುಮ್ಮನಾಗೋಣ ಅನ್ನಿಸುತ್ತದೆ, ಆದರೆ ಅಲ್ಲೊಂದು ತೊಡಕಿದೆ. ಆ ಪಟ್ಟಿಯ ಲೇಔಟ್‌ಗಳು ಒಂದು ಕೀಲಿಗೆ ಒಂದು ಅಕ್ಷರ ಕಳಿಸುತ್ತವೆ, ಅಷ್ಟೇ. ಹಿಂದೆ ವ್ಯಂಜನ ಇದೆಯಾ ಇಲ್ಲವಾ ಅಂತ ನೋಡುವುದಿಲ್ಲ. ನುಡಿಯಲ್ಲಿ ಹಾಗಲ್ಲ, ಐ ಒತ್ತಿದರೆ ಪದದ ಮೊದಲಲ್ಲಿ 'ಇ', ಕಕಾರದ ಮುಂದೆ ಒತ್ತಿದರೆ 'ಕಿ'. ಇಷ್ಟು ಬುದ್ಧಿ ಬೇಕಾದರೆ ಒತ್ತಿದ ಕೀಲಿಗಳನ್ನು ಅಕ್ಷರ ಮಾಡಿಕೊಡುವ ಐಬಸ್ ಅನ್ನುವ ತಂತ್ರಾಂಶ ಬೇಕು, ಅದರ ಜೊತೆ ಬೇರೆಬೇರೆ ಭಾಷೆಗಳ ಕೀಲಿಮಣೆ ತರುವ ಐಬಸ್-ಎಂ17ಎನ್ ಅನ್ನುವ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ತಂತ್ರಾಂಶದ ಕಟ್ಟು) ಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ ಹಾಕಿದೆ, ಇನ್‌ಪುಟ್ ಮೆಥಡ್ ಕಿಟಕಿಯಲ್ಲಿ ಐಬಸ್ ಆರಿಸಿದೆ, ಲಾಗೌಟ್ ಮಾಡಿ ಬಂದು ಕನ್ನಡ ಕೆಜಿಪಿ, ಅಂದರೆ ಅದೇ ಕಗಪ, ಸೇರಿಸಿದೆ. ಅಪ್ಪ ಕೂತು 'ಅಧ್ಯಕ್ಷರು' ಅಂತ ಹೊಡೆದು, ಕ್ಷ ಸರಿಯಾಗಿ ಬಂತು ಅಂತ ನೋಡಿಕೊಂಡು, "ಸರಿ, ಪ್ರಿಂಟರ್ ನೋಡೋ ಈಗ" ಅಂದರು.

ಅವರ ಹಳೇ ಕಡತಗಳು ಮಾತ್ರ ಎಂಎಸ್ ಆಫೀಸ್‌ನಂಥ ಲಿಬ್ರೆಆಫೀಸ್‌ನಲ್ಲಿ ಯುರೋಪಿನ ಅಕ್ಷರಗಳ ಸಂತೆಯಾಗಿ ತೆರೆದುಕೊಂಡವು. ಅವು ಎಲ್ಲಾ ಕಡೆ ಒಂದೇ ರೀತಿ ತೆರೆಯುವ ಯೂನಿಕೋಡ್‌ನಲ್ಲಿ ಅಲ್ಲ, ಹಳೇ ನುಡಿ ಫಾಂಟಿನಲ್ಲಿ ಮಾಡಿದ್ದು. ಅದಕ್ಕೆ ಮಿಂಟ್ ಆದರೇನು ಆರ್ಚ್ ಆದರೇನು, ಆ ಫಾಂಟ್ ಫೈಲುಗಳನ್ನು ತಂದು ಹಾಕಿಕೊಂಡರೆ ಓದಬಹುದು, ತಿದ್ದಿ ಮತ್ತೆ ಬಳಸಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಈಗ ಆರ್ಚ್. ಅಲ್ಲಿ ಕೈಗೆ ಸಿಗುವುದು ಕಪ್ಪು ಪರದೆ, ಅದರಲ್ಲೊಂದು ಮಿಣುಕುವ ಕರ್ಸರ್. ವೈಫೈಗೆ ಐಡಬ್ಲ್ಯೂಸಿಟಿಎಲ್ ಅನ್ನುವ ಕಮಾಂಡ್, ಡಿಸ್ಕ್ ಭಾಗ ಮಾಡೋದು ನೀವೇ, ಪ್ಯಾಕ್‌ಸ್ಟ್ರ್ಯಾಪ್ ಅನ್ನುವ ಕಮಾಂಡಿನಿಂದ ಮೂಲ ವ್ಯವಸ್ಥೆ ಇಳಿಸೋದು, ಡಿಸ್ಕ್ ಭಾಗಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಬರೆಸೋದು, ಲಿನಕ್ಸನ್ನು ಶುರು ಮಾಡುವ ಬೂಟ್‌ಲೋಡರ್ ಕೂರಿಸೋದು. 2021ರಿಂದ ಐಎಸ್‌ಒ, ಅಂದರೆ ಇನ್‌ಸ್ಟಾಲ್‌ಗೆ ಇಳಿಸಿಕೊಳ್ಳುವ ಫೈಲಿನ ಒಳಗೇ ಆರ್ಚ್‌ಇನ್‌ಸ್ಟಾಲ್ ಅನ್ನುವ ಸ್ಕ್ರಿಪ್ಟ್ ಕೊಡುತ್ತಾರೆ, ಅದನ್ನು ಬಳಸಿದರೆ ಇದೆಲ್ಲಾ ಮೆನುವಿನಲ್ಲೇ ಮುಗಿಯುತ್ತದೆ. ನಾನು ಕೈಯಿಂದಲೇ ಮಾಡಿದೆ, ಯಾಕೆಂದರೆ ನನಗೆ ಅದು ಇಷ್ಟ. ಕನ್ನಡದ ಪುಟ ತೆರೆದರೆ ಬರೀ ಚೌಕಗಳು! ಫಾಂಟೇ ಇಲ್ಲ, ಹಾಕು ಅಂತ ನಾನೇ ಹೇಳಿಲ್ವಲ್ಲ. ನೋಟೋ ಫಾಂಟ್ಸ್ ಹಾಕಿದ ಮೇಲೆ ಅಕ್ಷರ ಬಂದವು. ಟೈಪಿಂಗ್‌ಗೆ ಅದೇ ಐಬಸ್, ಅದೇ ಎಂ17ಎನ್. ಆದರೆ ಐಬಸ್ ಶುರು ಮಾಡುವುದು, ಆಪ್‌ಗಳಿಗೆ "ಇನ್‌ಪುಟ್ ಐಬಸ್‌ನಿಂದ ತಗೊಳ್ಳಿ" ಅಂತ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನುವ ಸೆಟ್ಟಿಂಗ್‌ಗಳಲ್ಲಿ ಬರೆದಿಡುವುದು, ಎಲ್ಲಾ ನನ್ನ ಕೆಲಸ. ಮಿಂಟ್‌ನ ಆ ಪುಟ್ಟ ಕಿಟಕಿ ತೆರೆಮರೆಯಲ್ಲಿ ಮಾಡಿದ್ದೂ ಇದನ್ನೇ ಅಂತ ಆಗ ಗೊತ್ತಾಯಿತು. ಈಗ ಯಾರದಾದರೂ ಉಬುಂಟುವಿನಲ್ಲಿ ಒಂದು ಆಪ್‌ನಲ್ಲಿ ಮಾತ್ರ ಕನ್ನಡ ಬರ್ತಿಲ್ಲ ಅಂದರೆ ಎಲ್ಲಿ ನೋಡಬೇಕು ಅಂತ ನನಗೆ ಗೊತ್ತು.

ಇನ್‌ಸ್ಟಾಲ್ ಕಷ್ಟ ಅನ್ನುವುದು ಆರ್ಚ್ ಬಗ್ಗೆ ಜಾಸ್ತಿ ಓಡಾಡುವ ಮಾತು. ಅದು ಒಂದು ಸಲದ ಕಷ್ಟ. ಆಮೇಲಿನದು ನೋಡಿ. ಆರ್ಚ್‌ನಲ್ಲಿ 22, 24 ಅಂತ ಆವೃತ್ತಿಗಳಿಲ್ಲ, ಹೊಸದು ಸಿದ್ಧವಾದ ಹಾಗೆ ಬರ್ತಾನೇ ಇರುತ್ತದೆ. 2025ರ ಜೂನ್‌ನಲ್ಲಿ, ವೈಫೈ, ಗ್ರಾಫಿಕ್ಸ್‌ನಂಥ ಭಾಗಗಳಿಗೆ ಬೇಕಾದ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ಒಡೆದು ಹಲವು ಮಾಡಿದರು. ಆಗ ಮಾಮೂಲಿ ಅಪ್‌ಡೇಟ್ ಕೊಟ್ಟ ಕೆಲವರಿಗೆ 'ಈ ಫೈಲ್ ಆಗಲೇ ಇದೆ' ಅನ್ನುವ ದೋಷ ಬಂದು ನಿಂತಿತು. ಹಳೆಯದನ್ನು ತೆಗೆದು ಮತ್ತೆ ಹಾಕಿ ಅಂತ ಆರ್ಚ್‌ನ ಸುದ್ದಿ ಪುಟದಲ್ಲಿ ಕಮಾಂಡ್ ಸಮೇತ ಬರೆದಿದ್ದರು. ಓದಿದವರಿಗೆ ಎರಡು ಸಾಲಿನ ಕೆಲಸ. ಅಪ್ಪ ಇಂಗ್ಲಿಷ್‌ನಲ್ಲಿರುವ ಆ ಪುಟ ಹುಡುಕಿ, ಓದಿ, ಟರ್ಮಿನಲ್‌ನಲ್ಲಿ ಹೊಡೆಯಬೇಕಿತ್ತಾ? ಅವರು ಲ್ಯಾಪ್‌ಟಾಪ್ ತೆರೆಯುವುದೇ ಸಭೆ ಇದ್ದಾಗ. ಆರ್ಚನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು ತೆರೆದರೆ ಪ್ಯಾಕೇಜ್‌ಗಳ ಸಹಿ ಪರಿಶೀಲಿಸುವ ಕೀಗಳೇ ಹಳತಾಗಿ ಅಪ್‌ಡೇಟ್ ನಿರಾಕರಿಸುವುದುಂಟು, ಮೊದಲು ಕೀರಿಂಗ್ ಪ್ಯಾಕೇಜನ್ನು ಹೊಸದು ಮಾಡಿಕೊಳ್ಳಬೇಕು. ನಾನು ದಿನಾ ತೆರೆಯುತ್ತೇನೆ, ವಾರಾಂತ್ಯದಲ್ಲಿ ಸುದ್ದಿ ಪುಟ ನೋಡಿ ಅಪ್‌ಡೇಟ್ ಕೊಡುತ್ತೇನೆ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿ ಕೂಡ ಹಾಕಿಟ್ಟಿದ್ದೇನೆ. ಹೊಸ ಕರ್ನಲ್ ಕೈಕೊಟ್ಟರೆ ಬೂಟ್ ಮೆನುವಿನಲ್ಲಿ ಅದು ಇರುತ್ತದೆ.

ಆರ್ಚ್ ಹಾಕಿದರೆ ಮಾತ್ರ ಲಿನಕ್ಸ್ ಕಲಿತ ಹಾಗೆ ಅನ್ನುವ ಗತ್ತು ಕೆಲವರಿಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಮಿಂಟ್‌ನಲ್ಲೂ ಟರ್ಮಿನಲ್ ಇದೆ, ಕಮಾಂಡ್ ನಡೆಸುವ ಅದೇ ಬ್ಯಾಶ್, ಹಿನ್ನೆಲೆಯ ಸೇವೆಗಳನ್ನು ನೋಡಿಕೊಳ್ಳುವ ಅದೇ ಸಿಸ್ಟಮ್‌ಡಿ. ಆರ್ಚ್‌ನ ಆನ್‌ಲೈನ್ ಕೈಪಿಡಿಯಾದ ಆರ್ಚ್ ವಿಕಿಯಲ್ಲಿ ಬರೆದಿರುವುದರಲ್ಲಿ ಬಹುಪಾಲು ಅಲ್ಲೂ ನಡೆಯುತ್ತದೆ, ಪ್ಯಾಕೇಜ್ ಹಾಕುವ ಆರ್ಚ್‌ನ ಪ್ಯಾಕ್‌ಮ್ಯಾನ್ ಇದ್ದ ಕಡೆ ಮಿಂಟ್‌ನ ಆಪ್ಟ್ ಅಂದುಕೊಂಡು, ಪ್ಯಾಕೇಜ್ ಹೆಸರು ಬೇರೆ ಇದ್ದರೆ ಹುಡುಕಿಕೊಂಡರೆ ಆಯಿತು. ಮಿಂಟ್ ಬಳಸುವವರಿಗೂ ನಾನು ಆ ವಿಕಿಯನ್ನೇ ತೋರಿಸುತ್ತೇನೆ. ಎಂಡೆವರ್‌ಓಎಸ್, ಮಂಜಾರೋ ಅಂತ ಆರ್ಚ್ ಮೂಲದ ನಡುವಿನ ದಾರಿಗಳೂ ಇವೆ. ಇನ್‌ಸ್ಟಾಲ್ ಸುಲಭ ಮಾಡುತ್ತವೆ, ಆಮೇಲಿನ ನಿಗಾ ಹೆಚ್ಚುಕಡಿಮೆ ಆರ್ಚ್‌ನಷ್ಟೇ ಬೇಕು.

ನೀವೇ ನೋಡಬೇಕು ಅಂದರೆ ಒಂದು ಪೆನ್‌ಡ್ರೈವ್‌ಗೆ, ಐಎಸ್‌ಒ ಫೈಲಿನಿಂದಲೇ ಬೂಟ್ ಮಾಡಿಸುವ ವೆಂಟಾಯ್ ಹಾಕಿ, ಮಿಂಟ್‌ನ ಐಎಸ್‌ಒ ಕಾಪಿ ಮಾಡಿ, ಡಿಸ್ಕ್ ಮುಟ್ಟದೆ ಲೈವ್ ಆಗಿ ಬೂಟ್ ಮಾಡಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಮುಚ್ಚಿ ತೆರೆದರೆ ಎದ್ದೇಳುತ್ತಾ, ಪ್ರಿಂಟರ್ ಕಾಣುತ್ತಾ ನೋಡಿ. ಆರ್ಚ್ ಆಸೆ ಇದ್ದರೆ ಮಿಂಟ್ ಇನ್‌ಸ್ಟಾಲ್ ಮಾಡಿಕೊಂಡ ಮೇಲೆ, ಅದರೊಳಗೆ ಕಂಪ್ಯೂಟರಿನಲ್ಲೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿಕೊಂಡು, ವಿಕಿ ಪಕ್ಕದಲ್ಲಿಟ್ಟುಕೊಂಡು ಇನ್‌ಸ್ಟಾಲ್ ಮಾಡಿ, ಕೆಲವು ತಿಂಗಳು ಅಪ್‌ಡೇಟ್ ಮಾಡುತ್ತಾ ಇಟ್ಟುಕೊಳ್ಳಿ. ನಿಮ್ಮ ಫೈಲುಗಳನ್ನು ಅದಕ್ಕೆ ಒಪ್ಪಿಸುವುದು ಆಮೇಲೆ.