ಶನಿವಾರ ನಾಲ್ಕಕ್ಕೆ ಬಟವಾಡೆ, ಬಯ್ಯೋದಿದ್ದರೆ ನಾಳೆ

ಹೋದ ದೀಪಾವಳಿ ಸೀಜನ್‌ನಲ್ಲಿ ನಮ್ಮ ಯೂನಿಟ್ ಬಿಟ್ಟು ಒಬ್ಬ ಟೈಲರೂ ಹೋಗಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸೋರಿಗೆ ಈ ಮಾತಿನ ಬೆಲೆ ಗೊತ್ತು. ಹಬ್ಬ ಇನ್ನು ಹದಿನೈದು ದಿನ ಅನ್ನುವಾಗ ಆಚೆ ಓಣಿಯವನು ಪೀಸಿಗೆ ಎರಡು ರೂಪಾಯಿ ಜಾಸ್ತಿ ಅಂದರೆ ಸಾಕು, ಅರ್ಧ ಲೈನ್ ಎದ್ದು ಹೋಗುತ್ತೆ. ಸೈಡ್ ಜೋಡಿಸಿದ ಪ್ಯಾಂಟುಗಳು ಸೊಂಟದ ಬೆಲ್ಟ್ ಪಟ್ಟಿ ಹೊಲಿಯದೆ ಗುಡ್ಡೆ ಬಿದ್ದಿರುತ್ತವೆ, ಪಾರ್ಟಿ, ಅಂದರೆ ಮಾಲು ಕೊಳ್ಳುವವನು, ಗಂಟೆಗೊಂದು ಫೋನ್ ಮಾಡುತ್ತಿರುತ್ತಾನೆ. ನಾಲ್ಕೈದು ವರ್ಷದ ಹಿಂದೆ ನಾನು ಯೂನಿಟ್ ನಡೆಸೋ ರೀತಿ ಬದಲಾಯಿಸಿದಾಗ "ನೀ ನಡೆಸೋದು ಯೂನಿಟ್ ಅಲ್ಲಪ್ಪಾ, ಛತ್ರ" ಅಂತ ನಕ್ಕವರೇ ಈಗ ಏನು ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

ಮಾಡಿದ್ದು ಮೂರೇ. ಶನಿವಾರ ಸಂಜೆ ನಾಲ್ಕಕ್ಕೆ ವಾರದ ಕೂಲಿ ಬಟವಾಡೆ, ಪಾರ್ಟಿ ದುಡ್ಡು ಬಂದಿರಲಿ ಬಿಡಲಿ. ಯಾರು ಏನು ಕೆಡಿಸಿದರೂ ಅವತ್ತೇ ಬಯ್ಯೋದಿಲ್ಲ, ಮರುದಿನ ಬೆಳಿಗ್ಗೆ ಮಾತು. ಏಳಕ್ಕೆ ಮೇನ್ ಸ್ವಿಚ್ ಆಫ್.

ಮೊದಲನೆಯದಕ್ಕೆ ಬೇಕಾದದ್ದು ದುಡ್ಡು. ನಮ್ಮಲ್ಲಿ ಇಪ್ಪತ್ತೆಂಟು ಮೂವತ್ತು ಜನ, ವಾರದ ಬಟವಾಡೆ ಹೆಚ್ಚು ಕಡಿಮೆ ಒಂದು ಲಕ್ಷ ಹತ್ತು ಸಾವಿರ. ಪಾರ್ಟಿಗಳು ಕೊಡೋದು ಅರವತ್ತು ದಿನಕ್ಕೆ, ತೊಂಬತ್ತಕ್ಕೆ. ನಡುವಿನ ಗುಂಡಿ ತುಂಬೋಕೆ ನಾವೆಲ್ಲ ಮಾಡುತ್ತಿದ್ದದ್ದು ಒಂದೇ: ಟೈಲರ್‌ಗೆ ಅರ್ಧ ಕೊಟ್ಟು, ಉಳಿದದ್ದು ಮುಂದಿನ ವಾರ ಅನ್ನೋದು. ನಾನು ಮುಂಡ್ರಿಗಿ ಕಡೆ ಸೈಟಿಗೆ ಕಟ್ಟುತ್ತಿದ್ದ ಕಂತು ನಿಲ್ಲಿಸಿ, ನಾಲ್ಕು ವಾರದ ಬಟವಾಡೆಯಷ್ಟು, ಅಂದರೆ ನಾಲ್ಕೂವರೆ ಲಕ್ಷದ ಹತ್ತಿರ, ಬೇರೆ ಖಾತೆಯಲ್ಲಿ ಇಟ್ಟೆ. ಕೂಡಿಸೋಕೆ ಒಂದು ವರ್ಷದ ಮೇಲೆ ಹಿಡಿಯಿತು. ಮನೆಯಲ್ಲಿ ಆದ ಮಾತನ್ನು ಇಲ್ಲಿ ಬರೆಯಲ್ಲ. ಆ ಖಾತೆಯ ಎಟಿಎಂ ಕಾರ್ಡ್ ಇವತ್ತಿಗೂ ನನ್ನ ಹತ್ತಿರ ಇಲ್ಲ, ಮನೆಯವಳ ಬೀರುವಿನಲ್ಲಿದೆ.

2024ರ ಏಪ್ರಿಲ್‌ನಿಂದ 45 ದಿನದ ನಿಯಮ ಬಂತಲ್ಲ, ಸಣ್ಣ ಉದ್ಯಮಕ್ಕೆ ಅಷ್ಟರೊಳಗೆ ದುಡ್ಡು ಕೊಡದಿದ್ದರೆ ಕೊಳ್ಳುವವನಿಗೆ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಆ ಖರ್ಚು ಸಿಗೋದಿಲ್ಲ ಅನ್ನೋದು. ನಾನು ನಮ್ಮ ಉದ್ಯಮ್ ನಂಬರ್, ಅಂದರೆ ಸಣ್ಣ ಉದ್ಯಮ ಅನ್ನೋ ನೋಂದಣಿ ನಂಬರ್, ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದೆ. ಇಬ್ಬರು ದೊಡ್ಡ ಪಾರ್ಟಿಗಳು ಆರ್ಡರ್ ನಿಲ್ಲಿಸಿಯೇ ಬಿಟ್ಟರು. ಎರಡು ತಿಂಗಳು ಕೈ ಕಟ್ಟಿದಂಗಾಗಿತ್ತು. ಅವರ ಜಾಗಕ್ಕೆ ಬಂದ ಸಣ್ಣ ಪಾರ್ಟಿಗಳು ಪೀಸಿಗೆ ಮೂರು ರೂಪಾಯಿ ಕಮ್ಮಿ ಕೊಡುತ್ತಾರೆ, ಆದರೆ ಕೊಡುತ್ತಾರೆ.

ಅಡ್ವಾನ್ಸ್ ವಿಷಯಕ್ಕೆ ಬರೋಣ. ಟೈಲರ್‌ನ ಕಟ್ಟಿಹಾಕೋಕೆ ಇಪ್ಪತ್ತು ಮೂವತ್ತು ಸಾವಿರ ಅಡ್ವಾನ್ಸ್ ಕೊಡೋದು ನಮ್ಮ ಊರಿನ ಪದ್ಧತಿ. ಆ ಲೆಕ್ಕದಲ್ಲಿ ನನ್ನ ಮೂರು ಲಕ್ಷದ ಮೇಲೆ ಮುಳುಗಿದೆ. ಅಡ್ವಾನ್ಸ್ ತಗೊಂಡವನು ಓಡಿಹೋದರೆ ದುಡ್ಡು ಹೋಯಿತು, ಓಡದೆ ಉಳಿದರೆ ಮುಖ ಗಂಟು ಹಾಕಿಕೊಂಡು ಹೊಲಿಯುತ್ತಾನೆ. ಎರಡೂ ನಷ್ಟವೇ. ಈಗ ಒಂದು ವಾರದ ಕೂಲಿಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ಆಸ್ಪತ್ರೆ ಅಂತ ಬಂದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ, ಇದೆ. ಅದಕ್ಕೂ ಮೊದಮೊದಲು ಜಗಳ, ಕೂಲಿಯಲ್ಲಿ ಹಿಡಿತೀರಿ ಅಂತ. ಹದಿನಾರು ಸಾವಿರದವನಿಗೆ 0.75 ಪರ್ಸೆಂಟ್ ಅಂದರೆ ನೂರಿಪ್ಪತ್ತು ರೂಪಾಯಿ, ನನ್ನ ಪಾಲು 3.25, ಅಂದರೆ ಐನೂರಿಪ್ಪತ್ತು. ಎಷ್ಟು ಸಲ ಬಾಯಲ್ಲಿ ಹೇಳಿದರೂ ನಾಟಲಿಲ್ಲ. ಓವರ್‌ಲಾಕ್ ಮಷಿನ್ ಹುಡುಗನ ಹೆಂಡತಿಯ ಆಪರೇಷನ್ ಅದೇ ಕಾರ್ಡಿನಲ್ಲಿ ಆದ ಮೇಲೆ ಯಾರೂ ಕೇಳಿಲ್ಲ.

ಇನ್ನು ಬಯ್ಯೋ ಮಾತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಮೂರರಲ್ಲಿ ಕಷ್ಟದ್ದು ಇದೇ. ಒಂದು ಲಾಟ್, ನೂರೈವತ್ತು ಪೀಸ್ ಇರಬಹುದು, ಹಿಂದಿನ ಎರಡು ಜೇಬಲ್ಲಿ ಬಲಗಡೆಯದು ಅರ್ಧ ಇಂಚು ಕೆಳಗೆ. ಹಳೇ ನಾನಾಗಿದ್ದರೆ ಹಾಲಿನ ಆ ತುದಿಯಿಂದಲೇ ಕೂಗು ಶುರುವಾಗುತ್ತಿತ್ತು. ಒಂದು ಪ್ಯಾಂಟು ಎತ್ತಿಕೊಂಡು ಬಂದು ನನ್ನ ಟೇಬಲ್ ಮೇಲೆ ಮಡಚಿಟ್ಟೆ, ಜೇಬು ಹೊಲಿದವನಿಗೆ "ನಾಳೆ ಚಹಾ ಹೊತ್ತಿಗೆ ಬಾರಪ್ಪ" ಅಂದೆ, ಅಷ್ಟೇ. ಮರುದಿನ ನಾನು ಶಟರ್ ಎತ್ತೋಕೆ ಮುಂಚೆ ಅವನು ಹೊರಗೆ ನಿಂತಿದ್ದ, ಕೈಯಲ್ಲಿ ಜೇಬಿನ ಗುರುತು ಹಾಕೋ ರಟ್ಟಿನ ಅಚ್ಚು, ನಾವು ಫರ್ಮಾ ಅನ್ನೋದು. "ಮಾಲಕ್ರ, ಇಲ್ ನೋಡ್ರಿ, ಈ ಮೂಲಿ ಸವದೈತಿ. ಗುರ್ತು ಹಾಕಿದ್ದ ಕೆಳಗ ಬಿದ್ದೈತಿ." ನಿಜ. ಚಾಕ್ ಎಳೆದೂ ಎಳೆದೂ ರಟ್ಟಿನ ಮೂಲೆ ದುಂಡಗಾಗಿತ್ತು. ಕೂಗಿದ್ದರೆ ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ, ಫರ್ಮಾ ಅಲ್ಲೇ ಇರುತ್ತಿತ್ತು, ಮುಂದಿನ ಲಾಟೂ ಹಾಳಾಗುತ್ತಿತ್ತು. ಅವತ್ತೇ ಎಲ್ಲ ಫರ್ಮಾಗಳನ್ನೂ ತಗಡಿನಲ್ಲಿ ಮಾಡಿಸಿದೆ, ಒಟ್ಟು ಎರಡು ಸಾವಿರವೂ ಆಗಲಿಲ್ಲ.

'ನಾಳೆ' ಅನ್ನೋದಕ್ಕೆ ಹೊರತಾದದ್ದೂ ಇದೆ. ಕಟಿಂಗ್ ಮಷಿನ್‌ಗೆ ಕೈಗವಸು ಹಾಕದೆ ನಿಂತರೆ, ಮುರಿದ ಸೂಜಿಯ ಚೂರು ಸಿಗದಿದ್ದರೆ, ವೈರ್ ಸುಲಿದಿದ್ದರೆ ಅಲ್ಲೇ ಆ ಕ್ಷಣ ನಿಲ್ಲಿಸುತ್ತೇನೆ, ದನಿಯೂ ಏರುತ್ತೆ. ಅದಕ್ಕೆ ಯಾರೂ ಬೇಜಾರಾಗೋದಿಲ್ಲ.

ಮನೆಗೂ ಇದನ್ನೇ ತಂದೆ. ಮಗನ ಮಾರ್ಕ್ಸ್ ಕಾರ್ಡ್ ಬಂದ ದಿನ ಅದರ ಮಾತಿಲ್ಲ, ಮರುದಿನ. ಅವನು ಈಗ ಕಾರ್ಡನ್ನು ತಾನೇ ತಂದು ತೋರಿಸುತ್ತಾನೆ. ಹೆಂಡತಿಯ ಹತ್ತಿರ ಮಾತ್ರ ಈ ಸೂತ್ರ ನಡೆಯಲ್ಲ, ಅವಳಿಗೆ ಅವತ್ತಿನದು ಅವತ್ತೇ ಮುಗಿಯಬೇಕು.

ಏಳಕ್ಕೆ ಬಂದ್ ಮಾಡಿದ್ದಕ್ಕೆ ಅತಿ ಹೆಚ್ಚು ನಕ್ಕರು. ಸೀಜನ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಓಡಿಸೋದು ಊರಿನ ರೂಢಿ. ನಾನು ಒಂದು ಸೀಜನ್ ಪೂರ್ತಿ ಪುಸ್ತಕದಲ್ಲಿ ಬರೆದು ನೋಡಿದೆ. ಏಳರ ಮೇಲಿನ ಹೊತ್ತಿನಲ್ಲಿ ಬಂದದ್ದು ದಿನದ ಪೀಸ್‌ಗಳಲ್ಲಿ ಐದರಲ್ಲಿ ಒಂದು ಪಾಲು, ಆಲ್ಟರೇಷನ್‌ಗೆ ವಾಪಸ್ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಹೊತ್ತಿನದು. ಬಿಚ್ಚಿ ಹೊಲಿಯೋ ಕೂಲಿ, ಕರೆಂಟು, ರಾತ್ರಿ ಊಟ ಕಳೆದರೆ ಕೈಗೆ ಬರುತ್ತಿದ್ದದ್ದು ಚಿಲ್ಲರೆ. ಇನ್ನೊಂದು, ದಾರ ಕಟ್ ಮಾಡೋ ಹೆಣ್ಣುಮಕ್ಕಳು ಕೊಳಗಲ್ಲು, ಮೋಕಾ ಕಡೆಯವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಪುಕ್ಕಟೆ ಆದ ಮೇಲೆ ಬರೋರು ಹೆಚ್ಚಾದರು, ಆದರೆ ರಾತ್ರಿ ಬಸ್ಸು ತಪ್ಪಿದರೆ ಮರುದಿನ ಅವರಿಲ್ಲ. ಏಳಕ್ಕೆ ಬಿಟ್ಟರೆ ಬಸ್ಸು ಸಿಗುತ್ತೆ. ನನಗೂ ಬಿಸಿ ರೊಟ್ಟಿ ಸಿಗುತ್ತೆ. ಬಿಪಿ ಮಾತ್ರೆ ನಿಂತಿಲ್ಲ, ನಿದ್ದೆ ಮಾತ್ರ ಬರುತ್ತಿದೆ.

ಕೈ ಸುಟ್ಟ ಪ್ರಯೋಗಗಳೂ ಇವೆ. 'ತಿಂಗಳ ಉತ್ತಮ ಟೈಲರ್' ಅಂತ ಮಿಕ್ಸರ್ ಬಹುಮಾನ ಇಟ್ಟೆ. ಎರಡನೇ ತಿಂಗಳಿಗೇ ಒಬ್ಬರ ದಾರದ ಬಾಬಿನ್ ಇನ್ನೊಬ್ಬರು ಬಚ್ಚಿಡೋಕೆ ಶುರುಮಾಡಿದರು, ಮಿಕ್ಸರ್ ಗೆದ್ದವನೇ ಕೆಲಸ ಬಿಟ್ಟ. ಹೊರಗಿನಿಂದ ಒಬ್ಬ ಟ್ರೈನರ್‌ನ ಕರೆಸಿ ಹೋಟೆಲ್ ಹಾಲ್‌ನಲ್ಲಿ ಇಡೀ ದಿನ ಭಾಷಣ, ಚಪ್ಪಾಳೆ, ಕಣ್ಣು ಮುಚ್ಚಿ ಕೂರೋದು, ಹದಿನೆಂಟು ಸಾವಿರ ಖರ್ಚು. ಮುಗಿದ ಮೇಲೆ ನಮ್ಮ ಕಟಿಂಗ್ ಮಾಸ್ಟರ್ ಕೇಳಿದ್ದು ಒಂದೇ: "ಇವತ್ತಿನ ಕೂಲಿ ಕೊಡ್ತೀರಲ್ಲ?" ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನ್ ಇಡೋ ಡಬ್ಬಿ ಅರ್ಧ ದಿನವೂ ಬಾಳಲಿಲ್ಲ. ಸ್ಪೀಕರ್‌ನಲ್ಲಿ ತೆಲುಗು ಹಾಡೋ ಕನ್ನಡ ಹಾಡೋ ಕವ್ವಾಲಿಯೋ ಅನ್ನೋ ಜಗಳ ಮಾತ್ರ ಬಗೆಹರಿದಿದೆ, ದಿನಕ್ಕೊಂದು ಲೈನ್‌ನವರ ಪಾಳಿ.

ಹೆಚ್ಚು ದುಡ್ಡಿಲ್ಲದೆ ಗೆದ್ದದ್ದು ಸಂಗನಕಲ್ಲು ಪ್ರವಾಸ. ಊರಿನಿಂದ ಎಂಟು ಹತ್ತು ಕಿಲೋಮೀಟರ್, ಎರಡು ಟಂಟಂ ಆಟೊ, ಒಂದು ಮೂಟೆ ಮಂಡಕ್ಕಿ, ಮಿರ್ಚಿ. ಆ ಕಡೆ ಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಮೇಲೆ ಗೂಳಿ ಕೆತ್ತಿದ್ದಾರೆ, ಕುಟ್ಟಿದರೆ ಗಂಟೆಯಂತೆ ದನಿ ಕೊಡೋ ಬಂಡೆಗಳಿವೆ. ಹುಟ್ಟಿದಾಗಿನಿಂದ ಬಳ್ಳಾರಿಯಲ್ಲೇ ಇರೋ ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಅದನ್ನು ನೋಡಿಯೇ ಇರಲಿಲ್ಲ. ಒಂದು ವರ್ಷ ಮಾತಾಡದೆ ಇದ್ದ ಇಬ್ಬರು ಅಲ್ಲಿ ಒಂದೇ ಪೊಟ್ಟಣದಲ್ಲಿ ಮಂಡಕ್ಕಿ ತಿಂದರು. ಯಾಕೆ ಅಂತ ನನಗೆ ಗೊತ್ತಿಲ್ಲ, ಕೇಳೋಕೂ ಹೋಗಲಿಲ್ಲ.

ಹೊಸಬ ಬಂದಾಗ ಅವನನ್ನು ಯಾರ ಪಕ್ಕದ ಮಷಿನ್‌ಗೆ ಕೂರಿಸುತ್ತೇನೆ, ಮೊದಲ ಶನಿವಾರ ಕೂಲಿ ಕವರ್ ಜೊತೆ ಏನು ಕೊಡುತ್ತೇನೆ, ಈ ಎರಡನ್ನು ಬರೆಯಲ್ಲ. ನಮ್ಮ ಓಣಿಯವರೂ ಇದನ್ನು ಓದುತ್ತಾರೆ.

ಈಗ ಕೈ ಹಾಕಿರೋದು ಬೇಸಿಗೆಯಲ್ಲಿ ಕೆಲಸದ ಹೊತ್ತು ಬದಲಾಯಿಸೋಕೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸುಗಳು ಬೆಳಿಗ್ಗೆ ಎಂಟರಿಂದ ಒಂದೂವರೆವರೆಗೆ ನಡೆಯುತ್ತವಲ್ಲ, ತಗಡಿನ ಶೀಟಿನ ಕೆಳಗೆ ಕೂರೋ ನಾವ್ಯಾಕೆ ಮಧ್ಯಾಹ್ನ ಮೂರರ ಬಿಸಿಲಲ್ಲಿ ಬೇಯಬೇಕು? ಬೆಳಿಗ್ಗೆ ಆರೂವರೆಗೆ ಶುರು, ಹನ್ನೆರಡೂವರೆಗೆ ಬಿಡೋದು, ನಾಲ್ಕಕ್ಕೆ ಮತ್ತೆ ಕೂತು ಏಳರವರೆಗೆ. "ನಿಂದೇನು ತಹಸೀಲ್ದಾರ್ ಆಫೀಸಾ?" ಅಂತ ಶುರುವಾಗಿದೆ. ಹೋದ ಮೇನಲ್ಲಿ ಎರಡು ವಾರ ಮಾಡಿದ್ವಿ, ಪೀಸ್ ಕಮ್ಮಿ ಆಗಲಿಲ್ಲ. ಆದರೆ ಹೊಲಿದ ಜೀನ್ಸ್ ತೊಳೆಯೋಕೆ ಒಯ್ಯೋ ವಾಷಿಂಗ್‌ನವರ ಗಾಡಿ ಬರೋದು ಮಧ್ಯಾಹ್ನ ಎರಡಕ್ಕೆ, ಆಗ ಮಾಲು ಎತ್ತಿ ಹಾಕೋಕೆ ಯಾರೂ ಇರಲ್ಲ, ಹತ್ತು ದಿನ ನಾನೇ ಬಂಡಲ್ ಹೊತ್ತೆ. ಗಾಡಿ ಹೊತ್ತು ಬದಲಾಯಿಸಿ ಅಂದರೆ ಟ್ರಿಪ್ಪಿಗೆ ಇನ್ನೂರು ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ. ನಾನು ನೂರಕ್ಕೆ ನಿಂತಿದ್ದೇನೆ.