ಸಂತ್ಯಾಗ, ಜಾತ್ರ್ಯಾಗ ವಿಜ್ಞಾನದ ಟೇಬಲ್ ಹಾಕೋದು: ನನ್ನ ಅನುಭವ

ಭಾಳ ಮಂದಿ ಕೇಳ್ತಾರ, ಸಾಲಿ ಬಿಟ್ಟು ಹೊರಗ ಸಂತ್ಯಾಗ ಜಾತ್ರ್ಯಾಗ ಪ್ರಯೋಗ ಮಾಡಸ್ತೀರಲ್ಲ, ಮಂದಿ ನಿಂತು ನೋಡ್ತಾರೇನ್ರೀ, ಎಷ್ಟ್ ಖರ್ಚು ಬರ್ತೈತಿ, ನಾವೂ ಶುರು ಮಾಡಬೇಕಂದ್ರ ಏನ್ ಬೇಕು ಅಂತ. ಒಬ್ಬೊಬ್ರಿಗೆ ಫೋನಾಗ ಹೇಳೋಕಿಂತ ಬರದು ಇಡೋದು ಚಲೋ ಅನಸ್ತು. ನಾನು ಕೊಪ್ಪಳ ಜಿಲ್ಲಾದಾಗ ಹೈಸ್ಕೂಲ್ ವಿಜ್ಞಾನ ಟೀಚರ್, ನನ್ ಜೊತಿ ಇನ್ನೂ ಕೆಲವು ಗೆಳತೇರು, ಒಂದಿಷ್ಟು ಡಿಗ್ರಿ ಕಾಲೇಜಿನ ಹುಡುಗ್ರು ಅದಾರ. ರಜಾ ದಿನ ನೋಡ್ಕೊಂಡು ಹೋಗ್ತೀವಿ. ಒಂದು ಮಡಚೋ ಟೇಬಲ್, ಎರಡು ಬಕೆಟ್, ಒಂದು ಚೀಲ, ಅಷ್ಟ.

ಸಾಲ್ಯಾಗ ಹುಡುಗ್ರು ನಾವು ಹೇಳಿದ್ ಮ್ಯಾಲ ಕೂತ ಕೂಡತಾರ, ಬ್ಯಾಸರ ಬಂದ್ರೂ ಎದ್ದು ಹೋಗಂಗಿಲ್ಲ. ಜಾತ್ರ್ಯಾಗ ಹಂಗಿಲ್ಲ, ಆ ಕಡಿ ಮಿರ್ಚಿ ಭಜಿ ವಾಸನಿ, ಈ ಕಡಿ ಜೋಕಾಲಿ, ನಡುವ ನಿಮ್ ಟೇಬಲ್. ನಿಂತವರು ನಿಂತ್ರು, ಹೋದವರು ಹೋದ್ರು. ಅಲ್ಲಿ ಥರ್ಮೋಕೋಲ್ ಮಾಡೆಲ್ ಇಟ್ಟು, ಪಕ್ಕದಾಗ ಒಬ್ಬ ಹುಡುಗಿ ನಿಂತು ಬಾಯಿಪಾಠ ಒಪ್ಪಸಿದ್ರ ಯಾರೂ ನಿಲ್ಲಂಗಿಲ್ಲ. ಬಂದವರ ಕೈಗೆ ಏನರ ಕೊಡಬೇಕು, ಅದೂ ಅವರಿಗೆ ಗೊತ್ತಿರೋ ವಸ್ತು ಆಗಿರಬೇಕು, ಮತ್ತ ಪ್ರಯೋಗ ಆಗೋಕ ಮೊದಲ "ಏನಾಗ್ತೈತಿ ಹೇಳ್ರಿ" ಅಂತ ಕೇಳಬೇಕು. ಈ ಮೂರನ್ನ ಬಿಟ್ಟು ನಾವು ಏನೂ ಮಾಡಂಗಿಲ್ಲ.

ನಮ್ ಕಡಿ ಗೊತ್ತಿರೋ ವಸ್ತು ಅಂದ್ರ ಮೊದಲು ಮಣ್ಣು. ಎರಿ ಮಣ್ಣು (ಕರೇ ಜೇಡಿ ಮಣ್ಣು) ಒಂದ್ ಡಬ್ಬಿ, ಮಸಾರಿ (ಕೆಂಪ ಉಸುಕು ಮಣ್ಣು) ಒಂದ್ ಡಬ್ಬಿ. ಎರಡು ನೀರಿನ ಬಾಟ್ಲಿ ಅರ್ಧಕ್ಕ ಕೊಯ್ದು, ಮೂತಿ ಕೆಳಗ ಮಾಡಿ, ಮೂತಿಗೆ ತೆಳು ಅರಬಿ ಕಟ್ಟಿ, ಒಂದ್ರಾಗ ಎರಿ ಒಂದ್ರಾಗ ಮಸಾರಿ ಅದೇ ಅಳತಿ ತುಂಬಿ, ಒಂದೊಂದು ಗ್ಲಾಸ್ ನೀರು ಹಾಕೋದು. ಹಾಕೋಕ ಮೊದಲ ಕೇಳ್ತೀವಿ, ಯಾವುದ್ರಾಗ ಮೊದಲು ನೀರು ಇಳೀತೈತಿ, ಎಷ್ಟು ಇಳೀತೈತಿ, ಅಂತ. ಕೈ ಎತ್ರಿ ಅಂದ್ರ ದೊಡ್ಡವರು ನಾಚಕೊಂತಾರ, ಅದಕ್ಕ ಎರಡು ವಾಟಗ ಇಟ್ಟು, ನಿಮ್ಮ ಲೆಕ್ಕ ಯಾವುದೋ ಅದ್ರಾಗ ಒಂದು ಜೋಳದ ಕಾಳು ಹಾಕ್ರಿ ಅಂತೀವಿ. ಕಾಳು ಹಾಕಿದ ಮನಷ್ಯಾ ಫಲಿತಾಂಶ ನೋಡದ ಹೋಗಂಗಿಲ್ಲ, ಇದನ್ನ ನಾ ಗ್ಯಾರಂಟಿ ಹೇಳ್ತೀನಿ!

ರೈತರಿಗೆ ಉತ್ತರ ಗೊತ್ತಿರ್ತೈತಿ, ಮಸಾರಿ ಸೋರ್ತೈತಿ, ಎರಿ ಹಿಡಕೊಂತೈತಿ. ಆದ್ರ ಯಾಕ ಅಂದ ಕೂಡ್ಲೇ ಮಾತು ಶುರು ಆಗ್ತೈತಿ, ಮತ್ತ ಅದ ನಮಗ ಬೇಕಾಗಿದ್ದು. ಆಗ ಇನ್ನೊಂದು ಬಾಟ್ಲಿ ಕೊಡ್ತೀವಿ, ಒಂದ್ ಮುಟಗಿ ಮಣ್ಣು ಹಾಕಿ ಜೋರ ಅಲಗಾಡಸ್ರಿ, ಆಮ್ಯಾಲ ಅಲಗಾಡಸದಂಗ ಇಡ್ರಿ. ಉಸುಕು ಒಂದ್ ನಿಮಿಷದೊಳಗ ತಳಕ್ಕ ಕೂಡ್ತೈತಿ, ಜೇಡಿ ಮರುದಿನ ಬಂದ್ರೂ ನೀರಾಗ ತೇಲ್ತಿರ್ತೈತಿ. ಕಣ ಎಷ್ಟು ಸಣ್ಣದೋ ಅಷ್ಟು ನಿಧಾನ, ಕಣದ ಅಗಲ ಅರ್ಧ ಆದ್ರ ಕೂಡೋ ವೇಗ ನಾಲ್ಕನೇ ಒಂದು ಪಾಲಿಗೆ ಇಳೀತೈತಿ. ಜೇಡಿ ಕಣ ಅಂದ್ರ 0.002 ಮಿಲಿಮೀಟರಕ್ಕಿಂತ ಸಣ್ಣದು, ಕಣ್ಣಿಗೆ ಕಾಣಂಗಿಲ್ಲ, ಆದ್ರ ಬೆರಳಿಗೆ ಗೊತ್ತಾಗ್ತೈತಿ. ಅದಕ್ಕ ಹಸಿ ಮಣ್ಣು ಕೈಯಾಗ ಕೊಟ್ಟು, ಶ್ಯಾವಿಗಿ ಹೊಸದಂಗ ಹೊಸೀರಿ ಅಂತೀವಿ. ಎರಿ ಮಣ್ಣು ಉದ್ದಕ ಎಳಿ ಬರ್ತೈತಿ, ಮಸಾರಿ ತುಂಡ್ ತುಂಡ್ ಆಗ್ತೈತಿ. ಇಲ್ಲಿ ಹೆಣ್ಮಕ್ಕಳು ಮುಂದ ಬರ್ತಾರ ನೋಡ್ರಿ, ಅಲ್ಲಿ ತನಕ ಹಿಂದ ನಿಂತು "ನಮಗೇನ್ ತಿಳೀತೈತ್ರಿ ಟೀಚರ್, ಹುಡುಗ್ರಿಗೆ ತೋರಸ್ರಿ" ಅಂತಿದ್ದವರು ಎಷ್ಟು ಸಣ್ಣಗ ಹೊಸದು ತೋರಿಸ್ತಾರ ಅಂದ್ರ ನಮ್ ಕಾಲೇಜ್ ಹುಡುಗ್ರಿಗೆ ಬರಂಗಿಲ್ಲ.

ಅಲ್ಲಿಂದ ಮಾತು ಮನಿ ಗ್ವಾಡಿಗೆ ಹೋಗ್ತೈತಿ. ಎರಿ ಜಾಗದಾಗ ಕಟ್ಟಿದ ಮನಿ ಗ್ವಾಡಿ ಯಾಕ ಸೀಳ್ತಾವ ಅಂತ ಯಾರರ ಒಬ್ರು ಕೇಳೇ ಕೇಳ್ತಾರ. ಎರಿ ಮಣ್ಣಾಗ ಮಾಂಟ್ಮೊರಿಲೊನೈಟ್ ಅಂತ ಒಂದು ಖನಿಜ ಇರ್ತೈತಿ, ಅದು ಪದರ ಪದರ ಇರ್ತೈತಿ, ಪದರದ ನಡುವ ನೀರು ಹೊಕ್ಕಂಡು ಉಬ್ಬತೈತಿ, ಬ್ಯಾಸಗಿಯಾಗ ಒಣಗಿ ಕುಗ್ಗತೈತಿ, ಹೊಲದಾಗ ಕಾಲು ಹೊಕ್ಕೊಳ್ಳೋವಷ್ಟು ಬಿರುಕು ಬರೋದು ಅದಕ್ಕ, ಪಾಯ ಏಳೋದು ಇಳಿಯೋದು ಅದಕ್ಕ. ಮೇಸ್ತ್ರಿಗಳು ಎರಿ ತಗದು ಗರಸು ತುಂಬಿ ಪಾಯ ಹಾಕಸ್ತಾರಲ್ಲ ಅದರ ಹಿಂದ ಇರೋ ಕಾರಣ ಇದು. ಇಷ್ಟು ಹೇಳೋದಕ್ಕ ನಾನು ಬಾಯಿ ತಗೀತೀನಿ, ಅದೂ ಅವರು ಕೇಳಿದ ಮ್ಯಾಲ. ಕೇಳದ ಮೊದಲ ಹೇಳಿದ್ರ ಅದು ಭಾಷಣ ಆಗ್ತೈತಿ, ಭಾಷಣಕ್ಕ ಜಾತ್ರ್ಯಾಗ ಬ್ಯಾರೆ ವೇದಿಕಿ ಇರ್ತೈತಿ.

ಬಳ್ಳಾರಿ ಕಡಿ ಹೋದಾಗ ಮಣ್ಣಿನ ಜೊತಿ ಮ್ಯಾಗ್ನೆಟ್ ಒಯ್ತೀವಿ. ಹಳೇ ಸ್ಪೀಕರ್ ಒಡದ್ರ ಸಿಗ್ತೈತಲ್ಲ ಆ ದುಂಡನ ಮ್ಯಾಗ್ನೆಟ್, ಪ್ಲಾಸ್ಟಿಕ್ ಕವರಿನಾಗ ಹಾಕಿ (ಇಲ್ಲಾಂದ್ರ ಅಂಟಿದ ಪುಡಿ ಬಿಡಸಾಕ ಆಗಂಗಿಲ್ಲ) ಒಣ ಮಣ್ಣಾಗ ಎಳದ್ರ ಕರೇ ಕೂದಲದಂಗ ಕಣ ಮೆತ್ಕೊಂತಾವ, ಅದು ಹೆಚ್ಚಾಗಿ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ. ಸಣ್ಣ ಹುಡುಗ್ರು ಇದೊಂದ್ರ ಮ್ಯಾಲ ತಾಸಗಟ್ಲೆ ಕೂಡತಾರ. ಆದ್ರ ನನಗ ಇಷ್ಟ ಆಗೋದು ಮುಂದಿನ ಆಟ. ಸಂಡೂರ ಕಡಿ ಕೆಂಪ ಅದಿರಿನ ತುಂಡು ಕೊಟ್ಟು, ಇದಕ್ಕ ಮ್ಯಾಗ್ನೆಟ್ ಹಿಡೀತೈತೋ ಇಲ್ಲೋ ಅಂತ ಕೇಳ್ತೀವಿ. ಜೋಳದ ಕಾಳು ಎಲ್ಲಾ "ಹಿಡೀತೈತಿ" ವಾಟಗದಾಗ ಬೀಳ್ತಾವ, ಯಾಕಂದ್ರ ಕಬ್ಬಿಣದ ಅದಿರು, ವರ್ಷಾನುಗಟ್ಲೆ ಲಾರಿ ಓಡಿಸಿದವರೂ ಹಂಗ ಹಾಕ್ತಾರ. ಹಿಡಿಯಂಗಿಲ್ಲ! ಅದು ಹೆಮಟೈಟ್, ಕಬ್ಬಿಣದ್ದ ಇನ್ನೊಂದು ಖನಿಜ. ಶುದ್ಧ ಹೆಮಟೈಟಿನಾಗ ಶೇಕಡಾ 70ರ ಹತ್ತಹತ್ರ ಕಬ್ಬಿಣ ಐತಿ, ಮ್ಯಾಗ್ನೆಟೈಟಿನಾಗ ಶೇಕಡಾ 72, ವ್ಯತ್ಯಾಸ ಕಬ್ಬಿಣ ಎಷ್ಟೈತಿ ಅನ್ನೋದ್ರಾಗಿಲ್ಲ, ಪರಮಾಣುಗಳು ಹೆಂಗ ಜೋಡಿ ಆಗ್ಯಾವ ಅನ್ನೋದ್ರಾಗ ಐತಿ. ಆಮ್ಯಾಲ ಟೈಲ್ಸಿನ ಹಿಂದಿನ ಒರಟು ಬದಿಗೆ ಎರಡನ್ನೂ ತಿಕ್ಕಸ್ತೀವಿ, ಹೆಮಟೈಟ್ ಕೆಂಪ ಗೆರಿ ಬಿಡ್ತೈತಿ, ಮ್ಯಾಗ್ನೆಟೈಟ್ ಕರೇ ಗೆರಿ. ದಿನಾ ಕಣ್ಣಿಗೆ ಬೀಳೋ ಕೆಂಪ ಧೂಳು ಏನು ಅಂತ ಆವಾಗ ಮಂದಿ ತಾವ ಹೇಳ್ತಾರ.

ಈಗ ನೀರಿನ ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಟ್ಟಾಗಿ ಗೇಟು ಕೊಚ್ಚಿಕೊಂಡು ಹೋತು, ಗಂಗಾವತಿ ಸಿಂಧನೂರು ರಾಯಚೂರು ಕಡಿ ನೀರಾವರಿ ಮಂದಿಗೆಲ್ಲ ನಿದ್ದಿ ಇಲ್ಲದಂಗಾತು. ಡ್ಯಾಂ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಾಗ ಸ್ಟಾಪ್ ಲಾಗ್ (ಗೇಟಿನ ಬದಲಿಗೆ ಒಂದರ ಮ್ಯಾಲ ಒಂದು ಇಳಿಸೋ ಉಕ್ಕಿನ ತಡಿ) ಇಳಿಸಿದ್ದನ್ನ ಎಲ್ಲಾರೂ ಮೊಬೈಲಿನಾಗ ನೋಡಿದ್ರು. ಆ ಟೈಮಿನಾಗ ಚಾ ಅಂಗಡ್ಯಾಗ ಕೂತು ಹಿರ್ಯಾರು ಕೇಳೋ ಪ್ರಶ್ನೆ, "ಅಷ್ಟ್ ದೊಡ್ಡ ಕೆರಿ ನೀರೆಲ್ಲ ಬಂದು ಆ ಒಂದು ಗೇಟಿಗೆ ಒತ್ತಿದ್ರ ತಡೀತೈತೇನ್ರಿ?" ಇದು ಭಾಳ ಚಲೋ ಪ್ರಶ್ನೆ, ಪುಸ್ತಕದಾಗಿಲ್ಲದ ಪ್ರಶ್ನೆ. ಆವಾಗ ಒಂದು ಪೈಪ್ ಮಾಡಿದ್ವಿ, ಅದ ಇವತ್ತಿಗೂ ನಮ್ಮ ಮುಖ್ಯ ಪ್ರಯೋಗ.

ನಾಲ್ಕಿಂಚಿನ ಪಿವಿಸಿ ಪೈಪು, ತಳಕ್ಕ ಕ್ಯಾಪು, ತಳದಿಂದ 1 ಅಡಿ, 2 ಅಡಿ, 3 ಅಡಿಗೆ ಒಂದೇ ಸೈಜಿನ ತೂತು. ತೂತಿಗೆ ಟೇಪ್ ಹಚ್ಚಿ, 4 ಅಡಿ ತನಕ ನೀರು ತುಂಬಿ ನೆಲದ ಮ್ಯಾಲ ನಿಂದ್ರಸಿ, ಯಾವ ತೂತಿನ ನೀರು ದೂರ ಹೋಗಿ ಬೀಳ್ತೈತಿ ಅಂತ ಕೇಳ್ರಿ. ಪುಸ್ತಕದ ಚಿತ್ರ ನೋಡಿದ ಹುಡುಗ್ರೆಲ್ಲ ಕೆಳಗಿನದು ಅಂತಾರ. ಒಬ್ರು ಮಗ್ಗಿನಾಗ ಮ್ಯಾಲಿಂದ ಸುರೀತ ಇರ್ರಿ, ಟೇಪ್ ಕೀಳ್ರಿ. ನಡುವಿನ ತೂತಿನ ನೀರು ಎಲ್ಲಾಕಿಂತ ದೂರ ಬೀಳ್ತೈತಿ, ಮ್ಯಾಲಿನದು ಕೆಳಗಿನದು ಎರಡೂ ಹತ್ತಹತ್ರ ಒಂದೇ ಜಾಗಕ್ಕ! ಕೆಳಗಿನ ತೂತಿನಿಂದ ನೀರು ಬಿರುಸಾಗಿ ಬರ್ತೈತಿ ಅನ್ನೋದು ಖರೇ, ಆದ್ರ ಅದಕ್ಕ ಬೀಳಾಕ ಒಂದ ಅಡಿ ಎತ್ತರ ಐತಿ, ದೂರ ಹೋಗೋಕ ಮೊದಲ ನೆಲ ಮುಟ್ಟತೈತಿ. ಈಗ ಅದೇ ಪೈಪನ್ನ ಟೇಬಲ್ ಮ್ಯಾಲ ಇಡ್ರಿ, ಕೆಳಗಿನದ ದೂರ ಹೋಗ್ತೈತಿ. ಎಷ್ಟೋ ಪುಸ್ತಕದಾಗ ಈ ಚಿತ್ರ ಪಾತ್ರಿ ನೆಲದ ಮ್ಯಾಲ ಇಟ್ಟಂಗ ತಪ್ಪಾಗಿ ಬರದಾರ, ಟೀಚರ್ ಆದವರು ಒಂದ್ ಸಲ ತಾವ ಮಾಡಿ ನೋಡಬೇಕು. ಒಂಬತ್ತನೇತ್ತಾ ಹುಡುಗಿ ಒಬ್ಬಾಕಿ ಪುಸ್ತಕ ತಂದು ಪೈಪಿನ ಪಕ್ಕ ಹಿಡದು "ಮಿಸ್, ಇದು ಸುಳ್ಳು ಐತ್ರಿ" ಅಂದಾಗ ನನಗಾದ ಖುಷಿ ಇಷ್ಟ ಅಷ್ಟ ಅಲ್ಲ.

ಹಿರ್ಯಾರ ಪ್ರಶ್ನೆಗೆ ಇನ್ನೊಂದು ಪೈಪು ಬೇಕು, ಎರಡಿಂಚಿಂದು, ಅಷ್ಟ ಎತ್ತರ, ಅಷ್ಟ ಸೈಜಿನ ತೂತು. ಎರಡೂ ಪಕ್ಕಪಕ್ಕ ಇಟ್ಟು, ಎರಡನ್ನೂ ತುಂಬಿ ಹಂಗ ಇಟ್ರ ನೀರು ಒಂದೇ ದೂರ ಚಿಮ್ಮತೈತಿ. ದಪ್ಪ ಪೈಪಿನಾಗ ನೀರು ನಾಲ್ಕು ಪಟ್ಟು ಐತಿ, ಆದ್ರೂ ಒತ್ತಡ ಅಷ್ಟ. ಒತ್ತಡ ನೀರಿನ ಆಳದ ಮ್ಯಾಲ ಹೋಗ್ತೈತಿ, ಹಿಂದ ಎಷ್ಟು ಮೈಲಿ ನೀರು ನಿಂತೈತಿ ಅನ್ನೋದ್ರ ಮ್ಯಾಲ ಅಲ್ಲ. ಡ್ಯಾಮಿನ ಗ್ವಾಡಿ ತಳದಾಗ ದಪ್ಪ ಯಾಕ, ಸ್ಟಾಪ್ ಲಾಗ್ ಇಳಿಸೋಕ ಮೊದಲ ಉಳಿದ ಗೇಟು ತಗದು ನೀರು ಯಾಕ ಇಳಿಸಿದ್ರು, ಎಲ್ಲಾ ಇಲ್ಲೇ ಕೂಡಿ ಬರ್ತೈತಿ. ನಿವೃತ್ತ ಗ್ಯಾಂಗ್‌ಮನ್ ಒಬ್ರು, ಕಾಲುವಿ ಮ್ಯಾಲ ಕೆಲಸ ಮಾಡಿದವರು, ಎರಡೂ ಪೈಪಿನ ನೀರು ಬೀಳೋ ಜಾಗಕ್ಕ ಕಡ್ಡಿ ನೆಟ್ಟು ಅಳದು ನೋಡಿ, ಆಮ್ಯಾಲ ತಾವ ನಿಂತು ಬಂದವರಿಗೆ ತಿಳಿಸಿ ಹೇಳಾಕ ಹತ್ತಿದ್ರು. ನಾವು ಟೇಬಲ್ ಬಿಟ್ಟು ಚಾ ಕುಡದು ಬಂದ್ವಿ.

ಅರಿಷಿಣದ ಕಾಗದ ಎಲ್ಲಾರಿಗೂ ಗೊತ್ತಿರೋದ. ಬಿಳಿ ಕಾಗದಕ್ಕ ಅರಿಷಿಣ ನೀರು ಹಚ್ಚಿ ಒಣಗಿಸಿ, ಸಬಕಾರ ನೀರು ಬಿಟ್ರ ಕೆಂಪ, ನಿಂಬಿಹಣ್ಣು ಹಿಂಡಿದ್ರ ಮತ್ತ ಹಳದಿ. ಸುಣ್ಣದ ತಿಳಿ ಬಳಸ್ತೀವಿ, ಸುಣ್ಣದ ಗಟ್ಟಿ ಮಾತ್ರ ಹುಡುಗ್ರ ಕೈಗೆ ಕೊಡಬ್ಯಾಡ್ರಿ, ಕಣ್ಣಿಗೆ ಬಿದ್ರ ಭಾಳ ಅಪಾಯ. ಇದ್ರಾಗ ನಾನು ಹೇಳಬೇಕಾದ ದೊಡ್ಡ ಮಾತು ಬ್ಯಾರೆ ಐತಿ. ಕಾಗದ ಬಣ್ಣ ಬದಲಾಗೋದು ನೋಡಿ ಮಂದಿ ಬಾಟ್ಲ್ಯಾಗ ಬೋರಿನ ನೀರು ತರ್ತಾರ, "ಟೀಚರ್, ನಮ್ಮ ನೀರಾಗ ಫ್ಲೋರೈಡ್ ಐತೇನು ನೋಡ್ರಿ" ಅಂತ. ಕೊಪ್ಪಳ ರಾಯಚೂರು ಹಳ್ಳ್ಯಾಗ ಹಲ್ಲು ಕಂದು ಆದ ಹುಡುಗ್ರನ್ನ ನೋಡಿದವರಿಗೆ ಆ ಪ್ರಶ್ನೆದ ಭಾರ ಗೊತ್ತು. ಅರಿಷಿಣದ ಕಾಗದಕ್ಕ ಫ್ಲೋರೈಡ್ ತಿಳಿಯಂಗಿಲ್ಲ, ಅದನ್ನ ಸ್ಪಷ್ಟ ಹೇಳಲೇಬೇಕು. ಕುಡಿಯೋ ನೀರಿಗೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರು ಇಲ್ಲದ ಕಡಿ 1.5ರ ತನಕ ಅಂತ ಮಿತಿ. ಕುದಿಸಿದ್ರ ಹೋಗಂಗಿಲ್ಲ, ನೀರು ಆವಿಯಾಗಿ ಉಳಿದಿದ್ರಾಗ ಇನ್ನೂ ಹೆಚ್ಚಾಗ್ತೈತಿ. ಜಲಜೀವನ್ ಮಿಷನ್ನಿನಾಗ ಪಂಚಾಯ್ತಿಗೆ ನೀರು ಟೆಸ್ಟ್ ಕಿಟ್ ಕೊಟ್ಟಾರ, ಊರಿನ ಹೆಣ್ಮಕ್ಕಳಿಗೆ ಟ್ರೇನಿಂಗೂ ಐತಿ, ಅಲ್ಲಿ ಹೋಗಿ ಕೇಳ್ರಿ ಅಂತ ಚೀಟಿ ಬರದು ಕೊಡ್ತೀವಿ. ಮಂದಿ ನಿಮ್ಮ ಟೇಬಲ್ ನಂಬಿ ಬಂದಾಗ ಅಂದಾಜಿನ ಮ್ಯಾಲ ಏನೂ ಹೇಳಬಾರದು, ಇದ್ರಾಗ ನಾನು ಭಾಳ ಕಟ್ಟುನಿಟ್ಟು.

ಕಲ್ಲಿನ ಸಪ್ಪಳದ ಪ್ರಯೋಗ ಬಂದಿದ್ದು ಬಳ್ಳಾರಿ ಹತ್ರ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದಿಂದ. ಅಲ್ಲಿ ಹೊಸ ಶಿಲಾಯುಗದ ಮಂದಿ ಬಡದು ಬಡದು ಗುಳಿ ಬಿದ್ದ ಕರೇ ಕಲ್ಲು ಅದಾವ, ಬಡದ್ರ ಗಂಟಿಯಂಗ ನಾದ ಬರ್ತೈತಿ. ನಮ್ಮ ಹಿರೇಬೆಣಕಲ್ಲಿನ ಗುಡ್ಡದಾಗೂ ನಗಾರಿ ಕಲ್ಲು ಐತಿ. ಆದ್ರ ಗುಂಪು ಕಟ್ಕೊಂಡು ಹೋಗಿ ಆ ಕಲ್ಲು ಬಡಿಯೋದು ಬ್ಯಾಡ, ಪಕ್ಕದಾಗ ಸಾವಿರಾರು ವರ್ಷದ ಚಿತ್ರ ಅದಾವ. ಗ್ರಾನೈಟ್ ಅಂಗಡ್ಯಾಗ ಕೊಯ್ದು ಬಿಸಾಡಿದ ಪಟ್ಟಿ ಪುಕ್ಕಟ ಕೊಡ್ತಾರ, ಸೀಳು ಇಲ್ಲದ್ದು ಆರಿಸ್ಕೊಳ್ರಿ. ನೆಲದ ಮ್ಯಾಲ ಇಟ್ಟು ಬಡದ್ರ ಟಕ್ ಅಂತೈತಿ ಅಷ್ಟ. 18 ಇಂಚಿನ ಪಟ್ಟಿ ಇದ್ರ ಎರಡೂ ತುದಿಯಿಂದ 4 ಇಂಚು ಬಿಟ್ಟು ಹಳೇ ಹವಾಯಿ ಚಪ್ಪಲಿ ತುಂಡು ಇಟ್ಟು, ಅದರ ಮ್ಯಾಲ ಪಟ್ಟಿ ಇಟ್ಟು ನಡುವ ಬಡೀರಿ, ಹಾಡ್ತೈತಿ. ಪಟ್ಟಿ ಬಾಗಿ ಏಳೋವಾಗ ಆ ಎರಡು ಜಾಗ ಮಾತ್ರ ಅಲಗಾಡಂಗಿಲ್ಲ, ಅಲ್ಲಿ ಹಿಡದ್ರ ನಾದ ಸಾಯಂಗಿಲ್ಲ. ಅಷ್ಟ ದಪ್ಪಿನ 9 ಇಂಚಿನ ಪಟ್ಟಿ ಪಕ್ಕದಾಗ ಇಟ್ರ ಕಂಪನ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗ್ತೈತಿ. ಭಜನಿ ಮಂಡಳಿಯವರು ಬಂದು ಚಪ್ಪಲಿ ತುಂಡು ಆ ಕಡಿ ಈ ಕಡಿ ಸರಿಸಿ ಸ್ವರ ಹುಡುಕ್ತಿದ್ರು, ನಾವು ಹೇಳಿಕೊಟ್ಟಿದ್ದು ಏನೂ ಇರಲಿಲ್ಲ.

ಮೇ ಮೊದಲ ವಾರ, ಆಗಸ್ಟ್ ಎರಡನೇ ವಾರದ ಹತ್ರ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲಾದಾಗ ನೆರಳಿಲ್ಲದ ದಿನ ಬರ್ತೈತಿ, ಅಂದ್ರ ಸೂರ್ಯ ಸರಿಯಾಗಿ ನೆತ್ತಿ ಮ್ಯಾಲ ಬಂದು ನೆಟ್ಟಗ ನಿಂತ ವಸ್ತುವಿನ ನೆರಳು ಪಕ್ಕಕ್ಕ ಬೀಳಂಗಿಲ್ಲ, ಅದನ್ನ ನೋಡಾಕ ಒಂದು ನೆಟ್ಟಗಿನ ಪೈಪ್ ತುಂಡು ಸಾಕು. ಒಂದ ನೆನಪಿಡ್ರಿ, ಕೊಪ್ಪಳದಾಗ ಸೂರ್ಯ ನೆತ್ತಿ ಮ್ಯಾಲ ಬರೋದು 12ಕ್ಕಲ್ಲ, ಮೇ ತಿಂಗಳಾಗ 12 ಗಂಟೆ 20 ನಿಮಿಷದ ಮ್ಯಾಲ, ಯಾಕಂದ್ರ ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದರ ಪಶ್ಚಿಮಕ್ಕ 76ರ ಹತ್ರ ಅದೀವಿ. 12ಕ್ಕ ಮಂದಿ ಕರದ್ರ ಬಿಸಲಾಗ ನಿಂದ್ರಸಿದಂಗ ಆಗ್ತೈತಿ.

ಹೊಸದಾಗಿ ಬರೋ ಕಾಲೇಜ್ ಹುಡುಗ್ರಿಗೆ ಕಲಿಸೋದು ಕಷ್ಟದ ಕೆಲಸ. ಓದಿದ ಹುಡುಗ್ರಿಗೆ ಉತ್ತರ ಬಾಯಿ ತುದ್ಯಾಗ ಇರ್ತೈತಿ, ಅಜ್ಜ ಇನ್ನೂ ಬಾಟ್ಲಿ ಎತ್ತಿರಂಗಿಲ್ಲ, ಇವರು ಸಾಂದ್ರತೆ ಅಂತ ಶುರು ಮಾಡಿಬಿಡ್ತಾರ. ಅದಕ್ಕ ಮೊದಲ ದಿನ ಅವರಿಗೆ ಬರೇ ಪ್ರಶ್ನೆ ಕೇಳೋ ಕೆಲಸ: ಏನಾಗ್ತೈತಿ, ಯಾಕ ಹಂಗ ಅನಸ್ತೈತಿ, ಬ್ಯಾರೆ ರೀತಿ ಮಾಡಿದ್ರ? ಬಂದವರು ತಪ್ಪ್ ಹೇಳಿದ್ರ "ಅಲ್ಲ" ಅನ್ನಂಗಿಲ್ಲ, "ಮಾಡಿ ನೋಡೋಣ ಬರ್ರಿ" ಅನ್ನಬೇಕು. ಹಿರ್ಯಾರ ಮುಂದ ಹುಡುಗ್ರು ತಪ್ಪು ಎತ್ತಿ ಆಡಿದ್ರ ಅವರು ಮತ್ತ ಟೇಬಲ್ ಕಡಿ ಬರಂಗಿಲ್ಲ.

ಕಲಬುರಗ್ಯಾಗ ಜಿಲ್ಲಾ ವಿಜ್ಞಾನ ಕೇಂದ್ರ ಐತಿ, ಚಲೋ ಐತಿ, ನಾವೂ ಮಕ್ಕಳನ್ನ ಕರಕೊಂಡು ಹೋಗ್ತೀವಿ, ಆದ್ರ ಕುಷ್ಟಗಿ ಕಡಿಯ ಒಬ್ಬಾಕಿ ಕೂಲಿ ಬಿಟ್ಟು ಅಲ್ಲಿಗೆ ಹೋಗೋದು ಆಗದ ಮಾತು. ಅದಕ್ಕ ಈಗ ಪಂಚಾಯ್ತಿ ಗ್ರಂಥಾಲಯ, ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಒಂದೊಂದು ಡಬ್ಬಿ ಇಡಾಕ ಶುರು ಮಾಡೀವಿ. ಮ್ಯಾಗ್ನೆಟ್ಟು, ಅದಿರಿನ ಎರಡು ತುಂಡು, ಟೈಲ್ಸು, ಗ್ರಾನೈಟ್ ಪಟ್ಟಿ, ಜೊತಿಗೆ ಪ್ರಶ್ನೆ ಬರದ ಕಾರ್ಡು, ಕಾರ್ಡಿನ ಹಿಂದ ಉತ್ತರ ಬರದಿಲ್ಲ, ಅಲ್ಲಿ ಖಾಲಿ ಜಾಗ ಬಿಟ್ಟೀವಿ, ಮಾಡಿದವರು ತಾವು ಕಂಡಿದ್ದು ಬರೀಲಿ ಅಂತ. ಮೊನ್ನೆ ಮ್ಯಾಗ್ನೆಟ್ಟಿನ ಒಂದು ಕಾರ್ಡಿನ ಹಿಂದ "ನಮ್ಮ ಹಿತ್ತಲ ಮಣ್ಣಾಗ ಹೊಳಿ ಉಸಕಿಗಿಂತ ಕಮ್ಮಿ ಅಂಟ್ತು, ಯಾಕ?" ಅಂತ ಇತ್ತು, ಅದರ ಕೆಳಗ ಬ್ಯಾರೆ ಅಕ್ಷರದಾಗ "ಹೊಳಿ ನೀರು ಹಗರ ಮಣ್ಣು ಒಯ್ದು ಭಾರದ್ದು ಬಿಟ್ಟು ಹೋಗಿರಬೇಕು" ಅಂತ ಇನ್ಯಾರೋ ಬರದಿದ್ರು. ಆ ಡಬ್ಬಿಗೆ ಮುಂದಿನ ವಾರ ಒಂದು ಜರಡಿ, ಒಂದು ಸಣ್ಣ ತಕ್ಕಡಿ ಒಯ್ದು ಇಡಬೇಕು ಅಂತ ಮಾಡೀವಿ.